ಬ್ಲಫ್ ಮಾಡಿ ಹಿಡಿದ ಕಳ್ಳಕಿವಿ

ನಮ್ಮೂರು ಬ್ಲಫ್ ಅಂದ್ರೆ ಹೊರಗಿನವರು ನಗ್ತಾರೆ, 'ಸುಳ್ಳಾ?' ಅಂತ. ಅಲ್ಲ ಕಣ್ರಪ್ಪಾ, ಕಡಿದಾದ ದಿಣ್ಣೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯ್ತು. ಇವತ್ತು ಹೇಳೋದು ಮಾತ್ರ ಆ ಇನ್ನೊಂದು ಥರದ ಬ್ಲಫ್ ಬಗ್ಗೆ.

1945. ಮಾಸ್ಕೋದಲ್ಲಿ ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಅವರು ಅದನ್ನ ಮನೆಯ ಓದುವ ಕೋಣೆಗೆ ನೇತುಹಾಕಿದರು. ಒಳಗೆ ಲಿಯೋನ್ ಥೆರೆಮಿನ್ ಮಾಡಿದ ಕಳ್ಳಕಿವಿ ಇತ್ತು. ಬ್ಯಾಟರಿ ಇಲ್ಲ, ತಂತಿ ಇಲ್ಲ! ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಉಳಿದ ಹೊತ್ತು ಬರೀ ಲೋಹ. ತಪಾಸಣೆ ಮಾಡಿದವರಿಗೆ ಏಳು ವರ್ಷ ಸಿಗಲೇ ಇಲ್ಲ. 1952ರಲ್ಲಿ ಆಗಿನ ರಾಯಭಾರಿ ಜಾರ್ಜ್ ಕೆನ್ನನ್ ಅಲ್ಲಿ ಕೂತು, ಮುಖ್ಯವಾದ ಪತ್ರ ಬರೆಸ್ತಿರೋ ಹಾಗೆ ನಾಟಕ ಆಡಿದರು. ಆ ಕಡೆಯವರು ಕೇಳೋಕೆ ಅಲೆ ಬಿಟ್ಟರು, ಈ ಕಡೆ ತಂತ್ರಜ್ಞರ ಯಂತ್ರ ಹಿಡಿಯಿತು.

ಈಗ ಆನ್‌ಲೈನಲ್ಲಿ ಸಿಗೋ ಆರ್‌ಎಫ್ ಡಿಟೆಕ್ಟರ್ ಕೆಲಸ ಮಾಡೋದೂ ಹೀಗೇ. ಆಂಟೆನಾಗೆ ಹತ್ತಿರದಲ್ಲಿ ಅಲೆ ಬಿದ್ದರೆ ಕೀಂ ಅನ್ನುತ್ತೆ, ಅಷ್ಟೇ. ಪಿಜಿ ರೂಮು ನೋಡೋಕೆ ಹೋದಾಗ ಮೊದಲು ಎಲ್ಲರ ಮೊಬೈಲು, ವೈಫೈ, ಬ್ಲೂಟೂತ್ ಆಫ್ ಮಾಡಿ. ಇಲ್ಲಾಂದ್ರೆ ನಿಮ್ಮ ಫೋನನ್ನೇ ಕಳ್ಳ ಅಂತ ತೋರಿಸುತ್ತೆ. ಆಮೇಲೆ ಸೆನ್ಸಿಟಿವಿಟಿ ಕಮ್ಮಿ ಮಾಡಿಕೊಂಡು ಸ್ವಿಚ್‌ಬೋರ್ಡು, ಗಡಿಯಾರ, ಚಾರ್ಜರು, ಹೊಗೆ ಪತ್ತೆ ಮಾಡೋ ಡಬ್ಬಿ ಹತ್ರ ನಿಧಾನಕ್ಕೆ ಆಡಿಸಿ. ಸದ್ದೇ ಬರಲಿಲ್ಲ ಅಂತ ನಿಶ್ಚಿಂತೆಯಾಗಿ ಇರಬೇಡಿ. ಮೆಮೊರಿ ಕಾರ್ಡಿಗೆ ಸುಮ್ಮನೆ ರೆಕಾರ್ಡ್ ಮಾಡ್ಕೊಳ್ಳೋ ಕ್ಯಾಮೆರಾ ಅಲೆ ಬಿಡೋದೇ ಇಲ್ಲ. ಅದಕ್ಕೆ ಟಾರ್ಚ್ ಹಿಡಿದು ಲೆನ್ಸ್ ಹೊಳೆಯುತ್ತಾ ಅಂತ ಕಣ್ಣಲ್ಲೇ ಹುಡುಕಬೇಕು. ಏನಾದ್ರೂ ಸಿಕ್ಕಿದ್ರೆ ಮುಟ್ಟದೆ ಫೋಟೋ ತೆಗೆದು 112ಕ್ಕೆ ಕರೆ ಮಾಡಿ.

ಇನ್ನು ನಮ್ಮ ರಾಜ್ಯದ ದೊಡ್ಡ ಕದ್ದಾಲಿಕೆ ವಿವಾದಕ್ಕೆ ಬನ್ನಿ. ಅಲ್ಲಿ ಈ ಯಂತ್ರ ಇದ್ದಿದ್ದರೂ ಕೀಂ ಅಂತಿರಲಿಲ್ಲ. ರಾಜಕಾರಣಿಗಳ ಫೋನ್ ಕದ್ದು ಕೇಳಲಾಗಿದೆ ಅನ್ನೋ ಆರೋಪಕ್ಕೆ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಫೋನಿನ ಮಾತು ಹೋಗೋದು ತಂತಿಯಲ್ಲಿ. ಅದನ್ನ ದೂರದ ಎಕ್ಸ್‌ಚೇಂಜ್‌ನಲ್ಲೇ ಕೂತು ಕೇಳಬಹುದು, ಮನೆಯೊಳಗೆ ಏನನ್ನೂ ಇಡಬೇಕಾಗಿಲ್ಲ. ಅದಕ್ಕೆ ಕಾನೂನಿನ ದಾರಿ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ, ಅಂದ್ರೆ ನಮ್ಮ ಬ್ಲಫ್ ಕರೆಂಟಿಗಿಂತ 17 ವರ್ಷ ಹಳೇದು! ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಸಮಿತಿ ಅದನ್ನ ಪರಿಶೀಲಿಸಬೇಕು ಅಂತ ಸುಪ್ರೀಂ ಕೋರ್ಟ್ ಕಟ್ಟು ಹಾಕಿದ್ದು 1996ರಲ್ಲಿ.

ಖಾಸಗಿತನ ಮೂಲಭೂತ ಹಕ್ಕು ಹೌದೋ ಅಲ್ಲವೋ ಅನ್ನೋ ಪ್ರಶ್ನೆ ಆಮೇಲೂ ಬಾಕಿ ಇತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ 'ಹೌದು' ಅಂದರು.