ಗುರುತು ಸಿಗದ ಶವದ ಮೇಲಿದ್ದ ಹಣ, ಒಡವೆ ಯಾರ ಪಾಲಾಗುತ್ತದೆ?

ರೈಲು ಹಳಿಯ ಪಕ್ಕದಲ್ಲೋ ಬಸ್ ನಿಲ್ದಾಣದಲ್ಲೋ ಅಪರಿಚಿತ ಶವ ಸಿಕ್ಕಾಗ, ಜೇಬಿನಲ್ಲಿದ್ದ ದುಡ್ಡು 'ಸಿಕ್ಕಿದವರಿಗೆ ಸೀರುಂಡೆ' ಎಂದೇ ಹಲವರು ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಸಾಯುವಾಗ ವ್ಯಕ್ತಿಯ ಬಳಿಯಿದ್ದ ವಸ್ತುವನ್ನು ಲಪಟಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ 315ನೇ ಕಲಮಿನಡಿ ಪ್ರತ್ಯೇಕ ಅಪರಾಧ. ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು ದಂಡ. ಮೃತರ ಕೆಲಸದಾಳೇ ಹೀಗೆ ಮಾಡಿದ್ದರೆ 7 ವರ್ಷದವರೆಗೆ.

ಪೊಲೀಸರು ಮೊದಲು ಅಸಹಜ ಸಾವಿನ ಪ್ರಕರಣ (ಯುಡಿಆರ್) ದಾಖಲಿಸಿ, ಪಂಚರ ಎದುರು ಶವ ಪಂಚನಾಮೆ ನಡೆಸುತ್ತಾರೆ. ಮೈಮೇಲಿನ ಬಟ್ಟೆ, ಉಂಗುರ, ಮೊಬೈಲ್, ಚೀಟಿ ಎಲ್ಲವೂ ಅಲ್ಲಿ ದಾಖಲಾಗಬೇಕು. ಚಿನ್ನದ ಸರವನ್ನು 'ಹಳದಿ ಲೋಹದ ಸರ' ಎಂದು ಬರೆದಿರುವುದನ್ನು ನೋಡಿ ಮನೆಯವರು ಮೋಸವೆಂದು ಗಾಬರಿಯಾಗುವುದುಂಟು. ಪರೀಕ್ಷೆಯಾಗುವ ಮೊದಲು ಚಿನ್ನವೆಂದು ಪ್ರಮಾಣೀಕರಿಸಲು ಪೊಲೀಸರೇನು ಅಕ್ಕಸಾಲಿಗರಲ್ಲವಲ್ಲ! ಒದ್ದೆ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡುತ್ತಾರೆ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಷ್ಟು ಹಿಡಿದರೆ ರಕ್ತದ ಕಲೆ, ಡಿಎನ್‌ಎ ಹಾಳಾಗುತ್ತವೆ.

ಈ ವಸ್ತುಗಳಿಗೆ ಬೆಲೆಗಿಂತ ಮಿಗಿಲಾದ ಉಪಯೋಗವಿದೆ. 'ಆಧಾರ್ ಇದೆಯಲ್ಲ, ಬೆರಳಚ್ಚು ಒತ್ತಿಸಿದರೆ ಹೆಸರು ಬರುತ್ತದೆ' ಎಂಬುದು ತಪ್ಪು ಕಲ್ಪನೆ. ಆಧಾರ್ ವ್ಯವಸ್ಥೆ ಕೊಟ್ಟ ಸಂಖ್ಯೆಗೆ ಬೆರಳಚ್ಚು ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಮೃತರ ಬೆರಳಚ್ಚನ್ನು ಕೋಟ್ಯಂತರ ಜನರ ದಾಖಲೆಯೊಂದಿಗೆ ಹೋಲಿಸಿ ಹುಡುಕುವುದು ತಾಂತ್ರಿಕವಾಗಿ ಸಾಧ್ಯವಿಲ್ಲವೆಂದು ಆಧಾರ್ ಪ್ರಾಧಿಕಾರವೇ 2018ರಲ್ಲಿ ದೆಹಲಿ ಹೈಕೋರ್ಟಿಗೆ ತಿಳಿಸಿತ್ತು. ಹಾಗಾಗಿ ಅಂಗಿಯ ಕಾಲರಿನಲ್ಲಿ ಹೊಲಿದ ಟೈಲರ್ ಅಂಗಡಿಯ ಪಟ್ಟಿ, ಬಸ್ ಟಿಕೆಟ್, ಔಷಧಿ ಚೀಟಿ, ಸಿಮ್ ಕಾರ್ಡುಗಳೇ ಊರಿನ ದಾರಿ ತೋರಿಸುತ್ತವೆ. ಪತ್ರಿಕೆಯ ಪ್ರಕಟಣೆಯಲ್ಲಿ ಚಹರೆ, ಹಚ್ಚೆಯ ಜೊತೆ ಅಂಗಿಯ ಬಣ್ಣವನ್ನೂ ಬರೆಯುವುದು ಇದಕ್ಕೇ. ಶವವನ್ನು ಬಹಳ ದಿನ ಇಡಲಾಗದು, ಅಂತ್ಯಕ್ರಿಯೆ ಆಗಿಹೋಗುತ್ತದೆ. ತಿಂಗಳ ನಂತರ ಹುಡುಕಿಕೊಂಡು ಬಂದ ಹೆಂಡತಿಗೆ ಗುರುತಿಸಲು ಉಳಿಯುವುದು ಫೋಟೊ ಮತ್ತು ಆ ಪೊಟ್ಟಣ.

ಠಾಣೆಯಲ್ಲಿರುವ ವಸ್ತುಗಳ ಬಗ್ಗೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗುತ್ತದೆ. ಕರ್ನಾಟಕದಲ್ಲಿ ಅದಕ್ಕೊಂದು ಪಿ.ಎಫ್. ಸಂಖ್ಯೆ ಇರುತ್ತದೆ. ಹಕ್ಕುದಾರರು ಯಾರೆಂದು ತಿಳಿಯದಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಉದ್ಘೋಷಣೆ ಹೊರಡಿಸಿ 6 ತಿಂಗಳ ಅವಕಾಶ ಕೊಡುತ್ತಾರೆ. ಗಮನಿಸಿ, ಈ ಗಡುವು ಉದ್ಘೋಷಣೆಯ ದಿನದಿಂದ ಶುರು, ಸತ್ತ ದಿನದಿಂದಲ್ಲ. ಯಾರೂ ಬಾರದಿದ್ದರೆ 504ನೇ ಕಲಮಿನಡಿ ವಸ್ತುಗಳನ್ನು ರಾಜ್ಯ ಸರ್ಕಾರದ ವಶಕ್ಕೆ ಒಪ್ಪಿಸಬಹುದು. ಸರ್ಕಾರ ಅವನ್ನು ಮಾರಬಹುದು. ಕೆಡುವ ಪದಾರ್ಥವಾದರೆ ಅಷ್ಟು ಕಾಯಬೇಕಿಲ್ಲ.

ವಾರಸುದಾರರು ಕೇಳಲು ಹೋಗುವಾಗ ಯುಡಿಆರ್ ಸಂಖ್ಯೆ, ಸಂಬಂಧ ತೋರಿಸುವ ದಾಖಲೆ, ಸಾಧ್ಯವಾದರೆ ಮೃತರು ಆ ಒಡವೆ ತೊಟ್ಟಿರುವ ಹಳೆಯ ಫೋಟೊ ಇಟ್ಟುಕೊಂಡಿರಬೇಕು. ಮ್ಯಾಜಿಸ್ಟ್ರೇಟರು ವಸ್ತು ಕೊಡಿಸಿದರೂ ಅದರ ಮಾಲೀಕತ್ವ ತೀರ್ಮಾನವಾದಂತಲ್ಲ. ಅಣ್ಣತಮ್ಮಂದಿರಲ್ಲಿ ತಕರಾರು ಬಂದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

ಜೇಬಿನಲ್ಲಿ ಪಾಸ್‌ಬುಕ್ ಸಿಕ್ಕಿದ್ದರೆ, ಖಾತೆಯಲ್ಲಿರುವ ಹಣಕ್ಕೆ ಈ 6 ತಿಂಗಳ ಲೆಕ್ಕ ಅನ್ವಯಿಸದು. 10 ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಆಮೇಲೂ ವಾರಸುದಾರರು ಅದೇ ಬ್ಯಾಂಕಿನ ಮೂಲಕ ಅದನ್ನು ಕೇಳಿ ಪಡೆಯಬಹುದು.