ನಿಕಾನೋ ಕ್ಯಾನನ್ನೋ: ಕೊಳ್ಳುವ ಮುಂಚೆ ಒಂದಿಷ್ಟು ಇತಿಹಾಸ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರ ಜೊತೆಗೆ ‘ಕ್ಯಾಮೆರಾ ಕೊಂಡು ನೋಡು’ ಅಂತಲೂ ಸೇರಿಸಬಹುದು. ಜರಡಿ ಹಿಡಿದು ಹಿಡಿದು ನನ್ನ ಪಟ್ಟಿ ಕೊನೆಗೆ ಎರಡಕ್ಕೆ ಬಂದು ನಿಂತಿದೆ. ಒಂದು ನಿಕಾನ್ ಜ಼ೆಡ್ 8 (2023), ಇನ್ನೊಂದು ಕ್ಯಾನನ್ ಆರ್5 ಮಾರ್ಕ್ 2 (2024). ಎರಡೂ ಫುಲ್ ಫ್ರೇಮ್, ಎರಡೂ ಮಿರರ್‌ಲೆಸ್, ಎರಡರಲ್ಲೂ ಸುಮಾರು 45 ಮೆಗಾಪಿಕ್ಸೆಲ್. ಬಿಡುಗಡೆಯಾದಾಗ ಬಾಡಿಯೊಂದಕ್ಕೇ ಮೂರು ಲಕ್ಷದ ಮೇಲಿತ್ತು. ಉದ್ದನೆಯ ಲೆನ್ಸೂ ಸೇರಿಸಿದರೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತೆ. ‘ನಿಮಗೇನ್ರೀ, ಸಾಫ್ಟ್‌ವೇರಿನವರು’ ಅನ್ನಬೇಡಿ, ಇಎಮ್‌ಐ ನಮಗೂ ಇಎಮ್‌ಐಯೇ :-)

ನಾನು ಚಿತ್ರ ತೆಗೆಯಬೇಕು ಅಂದುಕೊಂಡಿರೋದು ಐದು ತಾಲ್ಲೂಕುಗಳಲ್ಲಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ಹೊಸಪೇಟೆಯ ಜೊತೆ ಇವೆಲ್ಲ ಸೇರಿ ವಿಜಯನಗರ ಜಿಲ್ಲೆಯಾದವು. ಹಂಪಿಗೆ ಬರುವ ಸಾವಿರಾರು ಕ್ಯಾಮೆರಾಗಳು ಈ ಕಡೆ ಮುಖ ಮಾಡೋದು ಕಡಿಮೆ. ಎರಡೂ ಕ್ಯಾಮೆರಾಗಳ ಸ್ಪೆಕ್ ಶೀಟನ್ನು ಎದುರುಬದುರು ಇಟ್ಟುಕೊಂಡು ಕೂತರೆ ತಲೆ ಕೆಡುತ್ತೆ ಅಷ್ಟೆ, ಉತ್ತರ ಸಿಗೋದಿಲ್ಲ. ಇವುಗಳ ಹಿಂದಿನ ಕಥೆ ಓದಿದ ಮೇಲೇ ನನಗೆ ಒಂದು ದಾರಿ ಕಂಡಿದ್ದು.

ಕಾಗದವೋ ಗಾಜೋ

‘ಯಾವುದು ತಗೊಳ್ಳಲಿ’ ಅನ್ನುವ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರ ತೆಗೆದ. ಆಗ ಅವನಂಥವರ ಮುಂದಿದ್ದದ್ದು ಮುಖ್ಯವಾಗಿ ಎರಡು ದಾರಿ. 1851ರಲ್ಲಿ ಬಂದಿದ್ದ ಹೊಚ್ಚ ಹೊಸ ಗಾಜಿನ ನೆಗೆಟಿವ್ ಒಂದು, ಹಳೆಯ ಕಾಗದದ ನೆಗೆಟಿವ್ ಇನ್ನೊಂದು. ಸ್ಪಷ್ಟತೆಯಲ್ಲಿ ಗಾಜೇ ಮುಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿಗೆ ಬಳಿದ ರಾಸಾಯನಿಕ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದೂ ಮುಗಿಸಬೇಕು. ಅಂದರೆ ಹೋದಲ್ಲೆಲ್ಲ ಕತ್ತಲೆ ಡೇರೆ ಹೊತ್ತುಕೊಂಡು ಹೋಗಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಅದು ಒಣಗೋದಕ್ಕೆ ಎಷ್ಟು ಹೊತ್ತು ಹೇಳಿ! ಮೇಣ ಸವರಿದ ಕಾಗದವನ್ನಾದರೆ ಮುಂಚೆಯೇ ಸಿದ್ಧಮಾಡಿಟ್ಟುಕೊಂಡು, ಚಿತ್ರ ತೆಗೆದು, ಆಮೇಲೆ ನಿಧಾನವಾಗಿ ತೊಳೆಯಬಹುದು. ಗ್ರೀನ್‌ಲಾ ಬಳಸಿದ್ದು ಕಾಗದವನ್ನೇ. ಸ್ಪೆಕ್ ಶೀಟಿನಲ್ಲಿ ಸೋತ ತಂತ್ರ ಈ ಊರಿನಲ್ಲಿ ಗೆದ್ದಿತು.

ಆ ದೊಡ್ಡ ದೊಡ್ಡ ನೆಗೆಟಿವ್‌ಗಳು ಎಷ್ಟೋ ಕಾಲ ಯಾರ ಗಮನಕ್ಕೂ ಬರದೆ ಇದ್ದು, 1980ರ ಹೊತ್ತಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. 127 ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಅನ್ನೋದು ಅವೆರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ.

ಕ್ಯಾನನ್ನಿನ ಮೈ, ನಿಕಾನಿನ ಕಣ್ಣು

ಈಗ ನಮ್ಮ ಎರಡು ಕಂಪನಿಗಳ ವಿಷಯಕ್ಕೆ ಬರೋಣ. 1934ರಲ್ಲಿ ಜಪಾನಿನಲ್ಲಿ ಒಂದು ಮಾದರಿ ಕ್ಯಾಮೆರಾ ತಯಾರಾಯಿತು. ಹೆಸರು ‘ಕ್ವಾನಾನ್’. ಅದು ಕರುಣೆಯ ದೇವತೆಯ ಹೆಸರು, ನಮ್ಮ ಅವಲೋಕಿತೇಶ್ವರನ ಜಪಾನಿ ರೂಪ. ಕ್ಯಾನನ್ ಅನ್ನುವ ಹೆಸರು ಹುಟ್ಟಿದ್ದು ಅಲ್ಲಿಂದ. 1936ರಲ್ಲಿ ಮಾರುಕಟ್ಟೆಗೆ ಬಂದ ಹನ್ಸಾ ಕ್ಯಾನನ್ ಕ್ಯಾಮೆರಾಕ್ಕೆ ಲೆನ್ಸ್ ಎಲ್ಲಿಂದ ಬಂತು ಗೊತ್ತೇ? ನಿಪ್ಪಾನ್ ಕೊಗಾಕು ಕಂಪನಿಯಿಂದ. 1917ರಲ್ಲಿ ಶುರುವಾದ ಆ ಕಂಪನಿಯೇ ಇವತ್ತಿನ ನಿಕಾನ್! ಇವತ್ತು ಯಾವ ಅಭಿಮಾನಿಗಳು ಜಗಳಕ್ಕೆ ನಿಲ್ಲುತ್ತಾರೋ, ಅವರ ಮನೆದೇವರುಗಳು ಒಂದು ಕಾಲದಲ್ಲಿ ಒಂದೇ ಡಬ್ಬಿಯಲ್ಲಿದ್ದವು. ಅಂದಹಾಗೆ ಹನ್ಸಾ ಕ್ಯಾನನ್‌ಗೂ, 1925ರಲ್ಲಿ ಬಂದ ಲೈಕಾಗೂ ಒಳಗೆ ಕನ್ನಡಿ ಇರಲಿಲ್ಲ. 36×24 ಮಿಲಿಮೀಟರಿನ ಚೌಕಟ್ಟು ಜನಪ್ರಿಯವಾದದ್ದೇ ಲೈಕಾದಿಂದ. ಹಾಗೆ ನೋಡಿದರೆ ಫುಲ್ ಫ್ರೇಮ್ ಮಿರರ್‌ಲೆಸ್ ನಮ್ಮ ಮುತ್ತಜ್ಜನ ಕಾಲದ್ದು.

1959ರಲ್ಲಿ ಎರಡೂ ಕಂಪನಿಗಳು ಕನ್ನಡಿಯಿದ್ದ ಎಸ್‌ಎಲ್‌ಆರ್ ತಂದವು: ನಿಕಾನ್ ಎಫ್ ಮತ್ತು ಕ್ಯಾನನ್‌ಫ್ಲೆಕ್ಸ್. ಅಲ್ಲಿಂದ ದಾರಿ ಕವಲೊಡೆಯಿತು. ನಿಕಾನ್ ತನ್ನ ಎಫ್ ಮೌಂಟನ್ನು, ಅಂದರೆ ಬಾಡಿಗೆ ಲೆನ್ಸ್ ಕೂರುವ ಬಳೆಯನ್ನು, 1977ರ ಎಐ ತರಹದ ತಿದ್ದುಪಡಿಗಳನ್ನು ಬಿಟ್ಟರೆ ದಶಕಗಟ್ಟಲೆ ಕಾಪಾಡಿಕೊಂಡು ಬಂತು. 1986ರಲ್ಲಿ ಆಟೋಫೋಕಸ್ ಬಂದಾಗಲೂ ಮೌಂಟ್ ಬಿಡದೆ, ಬಾಡಿಯೊಳಗೆ ಮೋಟಾರು ಇಟ್ಟು, ಒಂದು ಪುಟ್ಟ ಸ್ಕ್ರೂಡ್ರೈವರಿನ ಹಾಗಿನ ಕಡ್ಡಿಯಿಂದ ಲೆನ್ಸನ್ನು ತಿರುಗಿಸಿತು. ಕ್ಯಾನನ್ ಮಾತ್ರ 1964ರಲ್ಲಿ ಎಫ್‌ಎಲ್, 1971ರಲ್ಲಿ ಎಫ್‌ಡಿ ಅಂತ ಬದಲಾಯಿಸುತ್ತಾ ಬಂದು, 1987ರಲ್ಲಿ ಹಳೆಯದನ್ನೆಲ್ಲ ಕೈಬಿಟ್ಟು ಇಎಫ್ ಅನ್ನುವ ಹೊಸ ಮೌಂಟ್ ತಂತು. ಅಗಲವಾದ ಬಾಯಿ, ಪ್ರತಿ ಲೆನ್ಸಿನೊಳಗೂ ಅದರದೇ ಮೋಟಾರು, ಬಾಡಿಗೂ ಲೆನ್ಸಿಗೂ ವಿದ್ಯುತ್ತಿನ ಮಾತುಕತೆ ಬಿಟ್ಟರೆ ಬೇರೆ ನಂಟಿಲ್ಲ. ಎಫ್‌ಡಿ ಲೆನ್ಸ್ ರಾಶಿ ಹಾಕಿಕೊಂಡವರು ಎಷ್ಟು ಶಾಪ ಹಾಕಿರಬೇಕು!

ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ನಿಕಾನ್ ಮಾಡಿದ್ದು ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ, ಕ್ಯಾನನ್ ಮಾಡಿದ್ದು ಇಂಟರ್‌ಫೇಸ್ ಮುರಿದು ಹೊಸದಾಗಿ ಬರೆಯುವ ಕೆಲಸ. ಯಾರು ಸರಿ? ಲೆಕ್ಕ ಚುಕ್ತಾ ಆಗಿದ್ದು 2018ರಲ್ಲಿ. 2013ರಲ್ಲಿ ಸೋನಿ ತನ್ನ ಆಲ್ಫಾ 7 ಸರಣಿಯಿಂದ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ದಾರಿ ತೆರೆದಿತ್ತು. ಐದು ವರ್ಷ ತಡವಾಗಿ ಇವರಿಬ್ಬರೂ ಎಚ್ಚೆತ್ತು, ನಿಕಾನ್ ಜ಼ೆಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ತಂದವು. ಹಳೆಯ ಲೆನ್ಸಿಗೆ ಎರಡೂ ಕಡೆ ಅಡಾಪ್ಟರ್ ಬಂತು. 1987ರ ಇಎಫ್ ಲೆನ್ಸುಗಳೊಳಗೆ ಮೋಟಾರು ಇತ್ತಲ್ಲ, ಅವು ಆರ್‌ಎಫ್ ಬಾಡಿಯ ಮೇಲೆ ಆಟೋಫೋಕಸ್ ಸಮೇತ ಓಡಿದವು. ನಿಕಾನಿನ ಸ್ಕ್ರೂ ಕಾಲದ ಲೆನ್ಸುಗಳು ಎಫ್‌ಟಿಜ಼ೆಡ್ ಅಡಾಪ್ಟರಿನಲ್ಲಿ ಕೂತವು ನಿಜ, ಆದರೆ ತಿರುಗಿಸೋ ಮೋಟಾರೇ ಇಲ್ಲದೆ ಕೈಯಲ್ಲೇ ಫೋಕಸ್ ಮಾಡಬೇಕಾಯಿತು. ಗಿರಾಕಿಯನ್ನು ಕೈಬಿಡಬಾರದು ಅಂತ 1986ರಲ್ಲಿ ಮಾಡಿದ ಸಾಲ 2018ರಲ್ಲಿ ಬಡ್ಡಿ ಸಮೇತ ಬಂತು.

ಇದರಿಂದ ನಾನು ಕಲಿತದ್ದು ಇಷ್ಟು. ಬಾಡಿ ಐದಾರು ವರ್ಷದ ನೆಂಟ. ಮೌಂಟ್ ಹಾಗಲ್ಲ, ಮೂವತ್ತು ವರ್ಷದ ಸಂಸಾರ. ಹಾಗಾಗಿ ಎರಡು ಪ್ರಶ್ನೆ ಕೇಳಬೇಕು: ಈ ಊರಿಗೆ ಏನು ಬೇಕು? ಆ ಮೌಂಟಿನಲ್ಲಿ ಅದು ನನ್ನ ಕೈಗೆಟುಕುವ ಬೆಲೆಗೆ ಇದೆಯೇ?

ಐದು ಪರೀಕ್ಷೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಿಂದ ಶುರುಮಾಡೋಣ. ಚಾಲುಕ್ಯರ ಕಾಲದ ಕಲ್ಲು, ಸಾವಿರ ವರ್ಷದಿಂದ ಅಲುಗಾಡಿಲ್ಲ. ಟ್ರೈಪಾಡ್ ಇದ್ದರೆ ಎರಡೂ ಸಮ. ಜ಼ೆಡ್ 8ರ ಐಎಸ್ಒ 64ರಿಂದ ಶುರು, ಆರ್5 ಮಾರ್ಕ್ 2ರದ್ದು 100ರಿಂದ. ವ್ಯತ್ಯಾಸ ಇಷ್ಟೇ. ನಿಜ ಹೇಳಬೇಕೆಂದರೆ ಗುಡಿಗೆ ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರೂ ಸಾಕು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಹಾಗಲ್ಲ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದ ಕೂಡಲೇ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದು ಸಾಲು ನುಡಿ, ಮರುಕ್ಷಣ ಆತ ಕೆಳಕ್ಕೆ. ಅಲ್ಲಿ ಟಕಟಕ ಅನ್ನುವ ಕ್ಯಾಮೆರಾ ಅಪಚಾರ. ಜ಼ೆಡ್ 8ರಲ್ಲಿ ಯಾಂತ್ರಿಕ ಶಟರೇ ಇಲ್ಲ. ಆರ್5 ಮಾರ್ಕ್ 2ರಲ್ಲಿ ಇದ್ದರೂ ಅದನ್ನು ಬಿಟ್ಟು ಸದ್ದಿಲ್ಲದೆ ತೆಗೆಯಬಹುದು. ಆದರೆ ಗುಂಡಿ ಒತ್ತುವ ಅರ್ಧ ಸೆಕೆಂಡ್ ಮುಂಚಿನ ಚಿತ್ರಗಳನ್ನೂ ಕ್ಯಾನನ್ ರಾ ಫೈಲಿನಲ್ಲೇ ಹಿಡಿದಿಡುತ್ತೆ. ಜ಼ೆಡ್ 8 ಒಂದು ಸೆಕೆಂಡ್ ಹಿಂದಕ್ಕೆ ಹೋಗಬಲ್ಲದು, ಆದರೆ ಬಿಡುಗಡೆಯಾದಾಗ ಅದು ಕೊಟ್ಟಿದ್ದು ಜೆಪೆಗ್ ಮಾತ್ರ. ಇಲ್ಲಿ ಕ್ಯಾನನ್ನಿಗೆ ಒಂದು ಅಂಕ.

ಕೊಟ್ಟೂರಿನ ಗುರುಬಸವೇಶ್ವರ ತೇರು ಎಳೆಯೋದು ಸಂಜೆ. ಆ ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ಕೈ ಮೇಲೆತ್ತಿ ಹಿಡಿಯಬೇಕು. ಬ್ಯಾಟರಿ, ಕಾರ್ಡು ಸೇರಿ ಕ್ಯಾನನ್ 746 ಗ್ರಾಂ, ನಿಕಾನ್ 910. ಅಲ್ಲೂ ಕ್ಯಾನನ್ನೇ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 98.76 ಹೆಕ್ಟೇರಿನದು. ಊರಿನವರ ನೀರಾವರಿಗೆ ಕಟ್ಟಿದ ಕೆರೆ, ಅದರೊಳಗಿನ ಜಾಲಿಮರಗಳ ಮೇಲೆ ಹಕ್ಕಿಗಳ ಸಂಸಾರ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ ಹಾರುವಾಗ ಸೆನ್ಸರ್ ನಿಧಾನವಾಗಿ ಓದಿದರೆ ರೆಕ್ಕೆ ಸೊಟ್ಟಗಾಗುತ್ತೆ. ಪೂರ್ತಿ ಸೆನ್ಸರ್ ಓದಲು ಕ್ಯಾನನ್ನಿಗೆ ಸೆಕೆಂಡಿನ 160ನೇ ಒಂದು ಭಾಗದಷ್ಟು ಸಮಯ, ನಿಕಾನಿಗೆ ಸುಮಾರು 270ನೇ ಒಂದು ಭಾಗ. ಇಲ್ಲಿ ನಿಕಾನ್ ಮುಂದು.

ಕೊನೆಗೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ (2013). ಕಪ್ಪು ಕರಡಿ, ಮುಳುಗೋ ಹೊತ್ತು, ಬಂಡೆಯ ನೆರಳು. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು, ದೇವರಾಜ ಅರಸರ ಸರಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪು ಫಿಲ್ಮಿನಲ್ಲಿ ಕಾಡುಪ್ರಾಣಿಗಳನ್ನು ಹಿಡಿದು ಹೆಸರಾದವರು. ಫಿಲ್ಮ್ ರೋಲಿನ 36 ಚಿತ್ರಗಳನ್ನು ಜ಼ೆಡ್ 8 ಎರಡು ಸೆಕೆಂಡಿನೊಳಗೆ ಮುಗಿಸುತ್ತೆ, ಆರ್5 ಮಾರ್ಕ್ 2 ಇನ್ನೂ ಬೇಗ. ಆದರೆ ಮುಸ್ಸಂಜೆಗೆ ಬೇಕಾದದ್ದು ವೇಗ ಅಲ್ಲ, ಬೆಳಕು. ನಿಕಾನಿನ 180-600 ಲೆನ್ಸ್ ತುದಿಯಲ್ಲಿ ಎಫ್/6.3. ಕ್ಯಾನನ್ನಿನ 200-800 ಹೆಚ್ಚು ದೂರ ಮುಟ್ಟುತ್ತೆ, ಆದರೆ ತುದಿಯಲ್ಲಿ ಎಫ್/9. ಒಳಬರುವ ಬೆಳಕು ಅರ್ಧ, ಐಎಸ್ಒ ಎರಡರಷ್ಟು. ಜೊತೆಗೆ ಬೇರೆ ಕಂಪನಿಗಳ ಲೆನ್ಸ್ ವಿಷಯವೂ ಇದೆ. 2022ರಲ್ಲಿ ಕ್ಯಾನನ್ ಆಕ್ಷೇಪಿಸಿದ ಮೇಲೆ ವಿಲ್ಟ್ರಾಕ್ಸ್ ತನ್ನ ಆರ್‌ಎಫ್ ಆಟೋಫೋಕಸ್ ಲೆನ್ಸುಗಳನ್ನು ಹಿಂತೆಗೆಯಿತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆದಾಗಲೂ ಬಂದದ್ದು ಚಿಕ್ಕ ಸೆನ್ಸರಿನ ಲೆನ್ಸುಗಳೇ. ಜ಼ೆಡ್ ಮೌಂಟಿಗೆ ಟ್ಯಾಮ್ರಾನ್ 2022ರಿಂದಲೇ ಫುಲ್ ಫ್ರೇಮ್ ಲೆನ್ಸ್ ಕೊಡುತ್ತಾ ಬಂತು.

ಹಾಗಾದರೆ?

ನನ್ನ ಹತ್ತಿರ ಹಳೆಯ ಲೆನ್ಸ್ ಒಂದೂ ಇಲ್ಲ, ಮನಸ್ಸೆಲ್ಲ ಅಂಕಸಮುದ್ರ ಮತ್ತು ಗುಡೇಕೋಟೆಯ ಕಡೆ. ಹಾಗಾಗಿ ನನ್ನ ಮಟ್ಟಿಗೆ ಜ಼ೆಡ್ 8, ಅದರ ಜೊತೆ 180-600. ಮನೆಯಲ್ಲಿ ಇಎಫ್ ಲೆನ್ಸ್ ಇದ್ದವರು, ಜಾತ್ರೆ ಉತ್ಸವ ಜಾಸ್ತಿ ತೆಗೆಯುವವರು ಕಣ್ಣು ಮುಚ್ಚಿಕೊಂಡು ಕ್ಯಾನನ್ ತಗೊಳ್ಳಿ. 1987ರ ಆ ನಿರ್ಧಾರದ ಫಲ ನಿಮಗೆ ಪುಕ್ಕಟೆ. ಬರೀ ಗುಡಿಗೋಪುರ ತೆಗೆಯುವವರು ಎರಡನ್ನೂ ಬಿಟ್ಟು ಒಂದು ಹಳೆಯ ಡಿಎಸ್‌ಎಲ್‌ಆರ್, ಒಂದು ಗಟ್ಟಿ ಟ್ರೈಪಾಡ್ ಕೊಂಡು ಉಳಿದ ದುಡ್ಡಲ್ಲಿ ಊರೂರು ಸುತ್ತಿ.

ಇನ್ನೊಂದು ಮಾತು. 2017ರ ಫೆಬ್ರವರಿ 21ರಂದು ಕೊಟ್ಟೂರಿನ ತೇರು ಎಳೆಯುವಾಗಲೇ ಉರುಳಿಬಿತ್ತು. ಅದಕ್ಕೂ ಮುಂಚೆ ಯಾರೋ ಅಗ್ಗದ ಕ್ಯಾಮೆರಾದಲ್ಲಿ ತೆಗೆದ ತೇರಿನ ಚಿತ್ರ ಈಗ ದಾಖಲೆ. ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಅಂಥ ಪ್ರಿಂಟೋ ನೆಗೆಟಿವ್ವೋ ಇದ್ದರೆ ಎಸೆಯಬೇಡಿ. ಎಲ್ಲಿ ತೆಗೆದದ್ದು, ಯಾವ ವರ್ಷ ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅವರಿಗೆ ನೆನಪಿರುವಾಗಲೇ ಕೇಳಿ.