ಎಳೆಯ ಪ್ರೈಮೇಟುಗಳ ಮಿದುಳು: ಬಿಂಬಚಿತ್ರಣದ ಇತಿಹಾಸ

ಮಂಗ, ವಾನರ, ಮನುಷ್ಯ ಸೇರಿದ ಪ್ರೈಮೇಟ್ ಗಣದ ಮರಿಗಳಲ್ಲಿ ಮಿದುಳು ಬೆಳೆಯುವ ಬಗೆಯನ್ನು ಬಹುಕಾಲ ಬುರುಡೆಗಳಿಂದಲೇ ಅಂದಾಜು ಮಾಡಲಾಗುತ್ತಿತ್ತು. ಸಂಗ್ರಹಾಲಯದ ಬುರುಡೆಯೊಳಗೆ ಸಾಸಿವೆ ಕಾಳನ್ನೋ ಸೀಸದ ಗುಂಡುಗಳನ್ನೋ ತುಂಬಿ, ಹೊರಕ್ಕೆ ಸುರಿದು ಅಳೆಯುವುದು ಹಳೆಯ ಕ್ರಮ. ಹುಟ್ಟುವಾಗ ಮಕಾಕ್ ಮಂಗದ ಮರಿಯ ಮಿದುಳು ಪ್ರೌಢ ಗಾತ್ರದ ಸುಮಾರು ಶೇ. 70ರಷ್ಟು, ಚಿಂಪಾಂಜಿಯದು ಶೇ. 40ರಷ್ಟು, ಮನುಷ್ಯ ಶಿಶುವಿನದು ಮೂರನೇ ಒಂದಂಶಕ್ಕೂ ಕಡಿಮೆ ಎಂಬ ಲೆಕ್ಕಗಳು ಬುರುಡೆ ಮತ್ತು ಶವಪರೀಕ್ಷೆಗಳಿಂದಲೇ ರೂಪುಗೊಂಡವು. ಆದರೆ ಸತ್ತ ಮರಿ ಒಂದೇ ವಯಸ್ಸಿನ ಕಥೆ ಹೇಳುತ್ತದೆ.

1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಸ್ಕ್ಯಾನ್ ಬಳಕೆಗೆ ಬಂತು; 1973ರಲ್ಲಿ ಪಾಲ್ ಲಾಟರ್‌ಬರ್ ಎಂ.ಆರ್.ಐ. ಚಿತ್ರಣದ ತತ್ತ್ವವನ್ನು ಪ್ರಕಟಿಸಿದರು. ಎಂ.ಆರ್.ಐ.ಯಲ್ಲಿ ಸಿ.ಟಿ.ಯಲ್ಲಿರುವ ಕ್ಷ-ಕಿರಣಗಳಿಲ್ಲ. ಹಾಗಾಗಿ ಒಂದೇ ಮರಿಯನ್ನು ಮತ್ತೆ ಮತ್ತೆ ಯಂತ್ರದೊಳಗೆ ಮಲಗಿಸಬಹುದಾಯಿತು, ಅರಿವಳಿಕೆ ಕೊಟ್ಟು ಎನ್ನಿ. ಎಚ್ಚರವಿರುವ ಮರಿಮಂಗ ಮಿಸುಕಾಡದೆ ಮಲಗುವುದುಂಟೆ!

ಈ ಅನುಕೂಲದ ಫಲ ಎದ್ದು ಕಂಡದ್ದು ಜಪಾನಿನ ಇನುಯಾಮಾದಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದ ಪ್ರೈಮೇಟ್ ಸಂಶೋಧನಾ ಸಂಸ್ಥೆಯಲ್ಲಿ 2000ದಲ್ಲಿ ಅಯುಮು, ಕ್ಲಿಯೋ, ಪಾಲ್ ಎಂಬ ಮೂರು ಚಿಂಪಾಂಜಿ ಮರಿಗಳು ಹುಟ್ಟಿದವು. (ಪರದೆಯ ಮೇಲೆ ಮಿಂಚಿ ಮಾಯವಾಗುವ ಅಂಕಿಗಳ ಸ್ಥಾನವನ್ನು ನೆನಪಿಟ್ಟು ಮುಂದೆ ಹೆಸರಾದದ್ದು ಇದೇ ಅಯುಮು.) ಆರು ತಿಂಗಳಿನಿಂದ ಆರು ವರ್ಷದವರೆಗೆ ಇವುಗಳ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ತೊಮೊಕೊ ಸಕಾಯ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮುಂದಾಲೋಚನೆ, ಸಂಯಮಗಳಿಗೆ ಬೇಕಾದ ಹಣೆಯ ಹಿಂದಿನ ಭಾಗದ ಬಿಳಿದ್ರವ್ಯ (ನರತಂತುಗಳ ರಾಶಿ) ಚಿಂಪಾಂಜಿ ಮರಿಯಲ್ಲೂ ಮನುಷ್ಯ ಶಿಶುವಿನಂತೆ ಮಾಗದ ಸ್ಥಿತಿಯಲ್ಲೇ ಇರುತ್ತದೆ. ಆದರೆ ಎಳವೆಯಲ್ಲಿ ಮನುಷ್ಯರಲ್ಲಿ ಕಾಣುವ ಭರದ ಬೆಳವಣಿಗೆ ಅಲ್ಲಿಲ್ಲ. ಮೂರೇ ಮರಿಗಳ ಆಧಾರದ ಮೇಲೆ ನಿಂತ ಮಾತಿದು ಎಂಬುದನ್ನು ಮರೆಯುವಂತಿಲ್ಲ.

ಮರುವರ್ಷ ಅದೇ ತಂಡ ಗರ್ಭಕ್ಕೇ ಇಣುಕಿತು. ಮೂರು ಆಯಾಮದ ಅಲ್ಟ್ರಾಸೌಂಡ್‌ನಿಂದ ಎರಡು ಚಿಂಪಾಂಜಿ ಭ್ರೂಣಗಳನ್ನು ಅಳೆದಾಗ, 16ನೇ ವಾರಕ್ಕಾಗಲೇ ಅವುಗಳ ಮಿದುಳು ಮನುಷ್ಯ ಭ್ರೂಣದ್ದರ ಅರ್ಧದಷ್ಟಿತ್ತು. ಸುಮಾರು 22ನೇ ವಾರದವರೆಗೆ ಎರಡರಲ್ಲೂ ಬೆಳವಣಿಗೆಯ ವೇಗ ಏರುತ್ತದೆ. ಅಲ್ಲಿಂದಾಚೆಗೆ ಚಿಂಪಾಂಜಿಯಲ್ಲಿ ಏರಿಕೆ ನಿಂತರೆ, ಮನುಷ್ಯನಲ್ಲಿ 32ನೇ ವಾರದವರೆಗೂ ಮುಂದುವರಿಯುತ್ತದೆ.

ಇಷ್ಟಾದರೂ ಸ್ಕ್ಯಾನ್‌ಗೆ ನರಕೋಶಗಳ ನಡುವಿನ ಸಂಧಿಗಳು ಕಾಣವು. ಮಕಾಕ್ ಮರಿಗಳಲ್ಲಿ ಅವು ಮೊದಲು ಮಿತಿಮೀರಿ ಹುಟ್ಟಿ ಆಮೇಲೆ ಕಡಿಮೆಯಾಗುವುದನ್ನು ಪಾಸ್ಕೊ ರಾಕಿಚ್ ತಂಡ 1986ರಲ್ಲಿ ತೋರಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ.

ಈ ನಡುವೆ ಚಿಂಪಾಂಜಿ ಅಧ್ಯಯನದ ಸನ್ನಿವೇಶವೂ ಬದಲಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಸಂಶೋಧನೆಗೆ ಬೆಂಬಲವನ್ನು 2015ರಲ್ಲಿ ಕೊನೆಗೊಳಿಸಿತು. ಇನುಯಾಮಾದ ಸಂಸ್ಥೆಯೂ 2022ರಲ್ಲಿ ಪುನರ್ರಚನೆಗೊಂಡು ಹಳೆಯ ಹೆಸರು ಕಳೆದುಕೊಂಡಿತು. ಇತ್ತ ಮಕಾಕ್ ಮರಿಗಳ ಚಿತ್ರಗಳು ಕೂಡುತ್ತ ಬಂದಿವೆ: ಎರಡು ವಾರದಿಂದ ಮೂರು ವರ್ಷದವರೆಗಿನ ಸ್ಕ್ಯಾನ್‌ಗಳ ಸಂಗ್ರಹವೊಂದನ್ನು ನಾರ್ತ್ ಕೆರೊಲಿನಾ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಎಲ್ಲರ ಬಳಕೆಗೆ ತೆರೆದಿಟ್ಟರು.